ಅತ್ತೆಯ ಪಿಸುಮಾತು

ಮದುವೆಯಾಗಿ ಬಂದ ಹೊಸದರಲ್ಲಿ ಈ ಮನೆಯವರೆಲ್ಲ ನನ್ನ ಮೇಲೆ ರೇಗುತ್ತಿದ್ದಾರೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಹಿತ್ತಿಲಾಚೆಯೇ ಜಲಪಾತ. ಅದರ ಸದ್ದಿನಲ್ಲಿ ಉಪ್ಪು ಕೇಳಬೇಕಾದರೂ ಗಂಟಲು ಹರಿದುಕೊಳ್ಳಬೇಕು. ಕಂಪನಿಯವರು ಹೊಳೆಯನ್ನು ಪೈಪಿಗೆ ತಿರುಗಿಸಿ ಕರೆಂಟು ಮಾಡತೊಡಗಿದ ಮೇಲೆ ಜಲಪಾತ ಬಾಯಿ ಮುಚ್ಚಿತು. ನಮ್ಮ ಬೀದಿ ಮಾತ್ರ ಮುಚ್ಚಲಿಲ್ಲ. ಅತ್ತೆಯ ಪಿಸುಮಾತು ಈಗಲೂ ಮೂರನೇ ಮನೆಗೆ ಕೇಳುತ್ತದೆ.

ನನ್ನ ಗಂಡ ಅದೇ ಕಂಪನಿಯ ಗೇಟ್ ಆಪರೇಟರ್, ಹೊಳೆಗೆ ಕಟ್ಟಿದ ಒಡ್ಡಿನ ಗೇಟನ್ನು ಏರಿಸಿ ಇಳಿಸುವ ಕೆಲಸ. ಜಲಪಾತದ ಸದ್ದಿಲ್ಲದೆ ಅತ್ತೆಗೆ ನಿದ್ದೆ ಹತ್ತುತ್ತಿರಲಿಲ್ಲ. ಹಾಗಾಗಿ ಇವರು ದಿನಾ ಸಂಜೆ ಗೇಟನ್ನು ಎರಡು ಬೆರಳಿನಷ್ಟು ಎತ್ತಿ ಬರುತ್ತಿದ್ದರು. ಬಂಡೆಯ ಮೇಲೆ ಒಂದಿಷ್ಟು ನೀರು ಬೀಳುತ್ತಿತ್ತು, ಕೆಳಗಿನ ಗುಂಡಿಯ ಮೀನುಗಳ ಜೀವವೂ ಉಳಿದಿತ್ತು. ಕಂಪನಿಗೆ ಗೊತ್ತಾದರೆ ಕೆಲಸ ಹೋಗುತ್ತೆ, ಬಾಯಿ ಬಿಡಬೇಡ ಅಂದಿದ್ದರು. ಅತ್ತೆಗಂತೂ ಹೇಳಲೇಬಾರದು. ಯಾಕೆ ಅಂತ ಬೇರೆ ಹೇಳಬೇಕೆ?

ಕಂಪನಿಯ ಗುತ್ತಿಗೆ ಮುಗಿಯುತ್ತಾ ಬಂತು. ಮತ್ತೆ ಅವರಿಗೇ ಕೊಡುವುದೋ, ವಿದ್ಯುತ್ ಕೇಂದ್ರವನ್ನು ಊರೇ ವಹಿಸಿಕೊಳ್ಳುವುದೋ ಅಂತ ಶಾಲೆಯ ಹಾಲ್‌ನಲ್ಲಿ ಸಭೆ. ಇವರ ಸಂಬಳ ನೆನೆದು, ಊರಿನ ಪರ ಕೈ ಎತ್ತಬಾರದು ಅಂತಲೇ ನಾನು ಹೋಗಿದ್ದೆ.

"ಕರಾರಿನಂತೆ ಹೊಳೆಗೆ ಬಿಡಬೇಕಾದ ನೀರು ಬಿಡ್ತಾನೇ ಇದ್ದೀವಿ," ಅಂದ ಕಂಪನಿಯ ಮ್ಯಾನೇಜರ್.

ಅತ್ತೆ ನನ್ನ ಕಿವಿಗೆ ಬಾಗಿದರು. "ಇವನೆಲ್ಲಿ ಬಿಡ್ತಾನೆ? ನನಗೆ ನಿದ್ದೆ ಬರ್ಲಿ ಅಂತ ನನ್ನ ಮಗ ಕದ್ದು ಬಿಡ್ತಾನೆ. ಯಾರಿಗೂ ಹೇಳ್ಬೇಡ ಕಣೇ."

ಅವರಿಗೆ ಮೊದಲೇ ಗೊತ್ತಿತ್ತು! ಈಗ ಇಡೀ ಹಾಲ್‌ಗೆ ಗೊತ್ತಾಯಿತು.

"ಏನಯ್ಯಾ, ನಿಜಾನಾ?" ಮ್ಯಾನೇಜರ್ ಮುಂದಿನ ಸಾಲಿನಲ್ಲಿ ಕೂತಿದ್ದ ಇವರತ್ತ ತಿರುಗಿದ.

ಇಲ್ಲ ಅಂದಿದ್ದರೆ ಮುದುಕಿಗೆ ಅರಳುಮರಳು ಅಂತ ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದರು. ಇವರು ಅಮ್ಮನ ಮುಖ ನೋಡಿದರು, ಎದ್ದು ನಿಂತರು.

"ಹೌದು ಸಾರ್. ನಮ್ಮಮ್ಮ ಸುಳ್ಳು ಹೇಳಲ್ಲ."

ಈ ಮನುಷ್ಯನ ಮೇಲೆ ನನಗೆ ಅಷ್ಟೊಂದು ಪ್ರೀತಿ ಯಾವತ್ತೂ ಉಕ್ಕಿರಲಿಲ್ಲ. ಊರೇ ವಹಿಸಿಕೊಳ್ಳಲಿ ಅನ್ನುವವರು ಕೈ ಎತ್ತಿ ಅಂದಾಗ ಎಲ್ಲರಿಗಿಂತ ಮೊದಲು ಎತ್ತಿದವಳು ನಾನೇ. ನೋಡನೋಡುತ್ತ ಹಾಲ್ ತುಂಬ ಕೈಗಳು.

ಆದರೆ ಕೇಂದ್ರ ಊರಿನ ಕೈಗೆ ಬರುವುದಕ್ಕೆ ಇನ್ನೂ ಕಾಲವಿದೆ. ಇವರ ಕೆಲಸ ಮಾತ್ರ ಅಲ್ಲೇ ಹೋಯಿತು. ಆ ಸಂಜೆ ಬೇರೆ ಯಾರೋ ಗೇಟನ್ನು ಬಿಗಿಯಾಗಿ ಇಳಿಸಿದರು. ಅತ್ತೆ ಕಿಟಕಿಯ ಪಕ್ಕ ಕೂತು ಬಹಳ ಹೊತ್ತು ಕಿವಿಗೊಟ್ಟರು. ಹಿತ್ತಿಲಿನಿಂದ ನೀರಿನ ಸದ್ದೇ ಬರಲಿಲ್ಲ. ಕೊನೆಗೆ ಮಗನನ್ನು ಹತ್ತಿರ ಕರೆದು, ತಲೆ ಸವರಿ ಏನೋ ಅಂದರು.

ಪಕ್ಕದಲ್ಲೇ ಕೂತಿದ್ದ ನನಗೂ ಅದು ಕೇಳಿಸಲಿಲ್ಲ.