ಠಾಣೆ ಸೇರಿದ ಲಿಂಗ

ಅಮೆರಿಕದ ಕರ್ನಿ ಮೆಸಾದ ಆ ಖಾನಾವಳಿಯ ಅಡುಗೆಮನೆಗೆ ಕಿಟಕಿ ಇರಲಿಲ್ಲ. ಆರು ಒಲೆ, ಎರಡು ಹಂಚು, ಮೂರು ತಿಂಗಳಿಂದ ಕೆಟ್ಟು ನಿಂತ ಒಂದು ಫ್ಯಾನು. ಈರಯ್ಯ ಬೆಳಿಗ್ಗೆ ಏಳಕ್ಕೆ ಒಳಹೊಕ್ಕರೆ ಬಿಸಿಲು ಕಾಣುತ್ತಿದ್ದುದು ಕಸದ ಚೀಲ ಎಸೆಯಲು ಹಿಂದಿನ ಬಾಗಿಲು ತೆರೆದಾಗ ಮಾತ್ರ. ಎಣ್ಣೆಗಾಯಿ, ಝುಣಕ, ಹೆಸರುಕಾಳು ಪಲ್ಯ ಅವನ ಪಾಲು. ಜೋಳದ ರೊಟ್ಟಿ ಬಸಲಿಂಗವ್ವನ ಪಾಲು. ದಿನಕ್ಕೆ ಇನ್ನೂರು ರೊಟ್ಟಿ ಬಡಿದು ಬಡಿದು ಅವಳ ಬೆರಳಿನ ಗೆಣ್ಣುಗಳು ಊದಿಕೊಂಡಿದ್ದವು.

ಮಾಲೀಕ ಓಂಪ್ರಕಾಶ್ ಗದಗಿನ ಕಡೆಯವನು, ಮೊದಲು ಟೆಲಿಕಾಂ ಎಂಜಿನಿಯರ್ ಆಗಿದ್ದವನು. ಚಾಟ್ಸ್‌ವರ್ತ್‌ನಲ್ಲಿ ಅವನದೇ ಇನ್ನೊಂದು ಖಾನಾವಳಿ ಇತ್ತು. ಲಾಸ್ ಏಂಜಲೀಸಿನ ಕನ್ನಡದವರ ಸಭೆಯಲ್ಲಿ ವರ್ಷಕ್ಕೊಮ್ಮೆ ರೇಷ್ಮೆ ಶಲ್ಯ ಹೊದ್ದು ಕಾಯಕದ ಮಹಿಮೆ ಕುರಿತು ಭಾಷಣ ಮಾಡುತ್ತಿದ್ದ. ಕಾಯಕ ಮಾಡುವವರು ಆಗ ಅವನ ಅಡುಗೆಮನೆಯಲ್ಲಿ ಬೆವರುತ್ತಿದ್ದರು. ಈರಯ್ಯ ಜಂಗಮನಾದ್ದರಿಂದ ಅವನನ್ನು "ಅಯ್ನೋರ" ಎಂದೇ ಕರೆಯುತ್ತಿದ್ದ. ಬಾಯಲ್ಲಿ ಅಯ್ನೋರು, ಮೇಜಿನ ಡ್ರಾಯರಿನಲ್ಲಿ ಅಯ್ನೋರ ಪಾಸ್‌ಪೋರ್ಟು.

ಈರಯ್ಯನ ಕೊರಳಲ್ಲಿ ಒಂದು ಬೆಳ್ಳಿಯ ಕರಡಿಗೆ ಇತ್ತು. ಅದರೊಳಗೆ ಎಂಟು ವರ್ಷದವನಿದ್ದಾಗ ಗುರುಗಳು ಕಟ್ಟಿದ ಇಷ್ಟಲಿಂಗ. ಐವತ್ತೆರಡರವರೆಗೂ ಅದು ಮೈ ಬಿಟ್ಟು ಹೋಗಿರಲಿಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡದೆ ತುತ್ತು ಬಾಯಿಗಿಡುತ್ತಿರಲಿಲ್ಲ. ಹೆದರಿದರೆ, ಬಿದ್ದರೆ, ಕೆಟ್ಟ ಸುದ್ದಿ ಕೇಳಿದರೆ ಅವನ ಬಲಗೈ ತಾನಾಗಿಯೇ ಎದೆಗೆ ಹೋಗಿ ಆ ಕರಡಿಗೆಯನ್ನು ಹಿಡಿದುಕೊಳ್ಳುತ್ತಿತ್ತು. ಹಾಗೆ ಮಾಡುತ್ತೇನೆಂದು ಅವನಿಗೂ ಗೊತ್ತಿರಲಿಲ್ಲ.

ಎರಡು ಸಾವಿರದ ಇಪ್ಪತ್ತೈದರ ಬೇಸಿಗೆಯಲ್ಲಿ ಆ ಅಂಗಡಿ ಸಾಲಿಗೆ ದೇಶಭಕ್ತರು ಬರತೊಡಗಿದರು. ಬುಧವಾರ ಒಮ್ಮೆ, ಶನಿವಾರ ಒಮ್ಮೆ, ಸರಿಯಾಗಿ ಮಧ್ಯಾಹ್ನದ ಊಟದ ಹೊತ್ತಿಗೆ. ಹದಿನೈದು ಜನ, ಆಳೆತ್ತರದ ಬಾವುಟ, ಒಂದು ಕೈ ಮೈಕು. ಮೈಕು ಹಿಡಿದವನಿಗೆ ಕೆಂಪು ಗಡ್ಡ. ವಿದೇಶದವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೊರಡಬೇಕೆಂದು ಅವನು ಗಂಟಲು ಹರಿಯುವಂತೆ ಕೂಗುತ್ತಿದ್ದ. ಕೂಗಿ ಕೂಗಿ ಹಸಿವಾದರೆ ಎಲ್ಲರೂ ಬಾವುಟವನ್ನು ಗೋಡೆಗೆ ಒರಗಿಸಿ ಸಾಲಿನ ಕೊನೆಯ ಲೂಪೆಯ ಅಂಗಡಿಯಲ್ಲಿ ಟಾಕೊ ತಿನ್ನುತ್ತಿದ್ದರು. ಲೂಪೆ ಮೆಕ್ಸಿಕೋದವಳು. ಖಾರದ ಚಟ್ನಿ ಇನ್ನೊಂದಿಷ್ಟು ಹಾಕು ಎಂದು ಕೇಳುವಾಗ ಅವರಿಗೆ ನಾಚಿಕೆ ಆದಂತೆ ಕಾಣುತ್ತಿರಲಿಲ್ಲ.

ಅವರ ಜೊತೆಗೆ ಪೊಲೀಸರೂ ಬರುತ್ತಿದ್ದರು, ಶಾಂತಿ ಕಾಪಾಡಲು. ಬಾವುಟದವರಿಗೆ ಬೆನ್ನು ಕೊಟ್ಟು, ಅಂಗಡಿಗಳ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ರೊಟ್ಟಿ ಬಡಿಯುವ ಮುದುಕಿಯಿಂದ ದೇಶಕ್ಕೆ ಅಪಾಯವಿತ್ತೇನೋ.

ಓಂಪ್ರಕಾಶ್ ಎಲ್ಲರ ಫೋನಿಗೂ ಒಂದು ಮೆಸೇಜು ಹಾಕಿದ್ದ: ಯಾರೂ ಹೊರಗೆ ಬರಬೇಡಿ, ವಿಡಿಯೋ ಮಾಡಬೇಡಿ, ನಮ್ಮದು ಮರ್ಯಾದಸ್ಥ ಸಮುದಾಯ.

ಆ ಶನಿವಾರ ಒಬ್ಬ ಗಿರಾಕಿ ಕಾರಿನಲ್ಲೇ ಕೂತು ಇಪ್ಪತ್ತು ರೊಟ್ಟಿ ಆರ್ಡರ್ ಮಾಡಿದ. ಕೊಟ್ಟು ಬರಲು ಬಸಲಿಂಗವ್ವ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಕೆಂಪು ಗಡ್ಡದವನು ಅಡ್ಡ ಬಂದ. ಮೈಕನ್ನು ಅವಳ ಕಿವಿಯ ಹತ್ತಿರ ತಂದು ಕೂಗಿದ. ಅವಳು ಬೆಚ್ಚಿಬಿದ್ದಳು, ರೊಟ್ಟಿಯ ಕಟ್ಟು ಕೈ ಜಾರಿತು. ಅವನು ಬೂಟುಗಾಲನ್ನು ಅದರ ಮೇಲಿಟ್ಟು, ಸಿಗರೇಟಿನ ತುಂಡು ಆರಿಸುವ ಹಾಗೆ ತಿರುವಿದ.

ಕಸ ಎಸೆಯಲು ಹೊರಗೆ ಬಂದಿದ್ದ ಈರಯ್ಯ ಚೀಲ ಹಿಡಿದು ಕಟ್ಟಡದ ಮೂಲೆಯಲ್ಲೇ ನಿಂತಿದ್ದ. ಚೀಲ ಕೆಳಗಿಟ್ಟು ನೇರ ನಡೆದು ಅವನ ಮುಂದೆ ನಿಂತ.

"ಅನ್ನ ತುಳೀಬಾರದ್ರಿ. ಕಾಲು ತಗೀರಿ."

ಅವನಿಗೂ ಬಹುವಚನವೇ. ಈರಯ್ಯ ಮುಟ್ಟಲಿಲ್ಲ, ಬೈಯಲಿಲ್ಲ, ಅಲುಗಾಡದೆ ನಿಂತ. ಗಡ್ಡದವನು ಒಂದು ಹೆಜ್ಜೆ ಹಿಂದೆ ಸರಿದ. ಸರಿದವನು ಎಡವಿ ಮೈಕು ಬೀಳಿಸಿಕೊಂಡ.

ಆಗ ಪೊಲೀಸರು ಎಚ್ಚೆತ್ತರು. ಮೂವರು ಓಡಿಬಂದರು, ಈರಯ್ಯನ ಕಡೆಗೆ.

"ಶೋ ಮಿ ಯುವರ್ ಹ್ಯಾಂಡ್ಸ್."

ಈರಯ್ಯನಿಗೆ ಮಾತು ಅರ್ಥವಾಗಲಿಲ್ಲವೆಂದಲ್ಲ. ಅರ್ಥವಾಗುವಷ್ಟರಲ್ಲಿ ಹೆದರಿಕೆ ಮುಂದೆ ಹೋಗಿತ್ತು. ಬಲಗೈ ಅಂಗಿಯೊಳಗೆ ನುಗ್ಗಿ ಕರಡಿಗೆ ಹಿಡಿದುಕೊಂಡಿತು.

ಮೂರು ಪಿಸ್ತೂಲು ಒಟ್ಟಿಗೆ ಹೊರಬಂದವು. "ಅಯ್ನೋರ, ಕೈ ತಗೀರಿ, ಕೈ ತಗೀರಿ" ಎಂದು ಬಸಲಿಂಗವ್ವ ಕೂಗಿದಳು. ಆ ಕೂಗಿಗೆ ಅವನ ಕೈ ಹೊರಬಂತು, ಅದಕ್ಕೇ ಜೀವ ಉಳಿಯಿತು. ಅವನನ್ನು ಬೋರಲು ಕೆಡವಿ ಬೆನ್ನ ಮೇಲೆ ಮೊಣಕಾಲು ಊರಿ ಕೋಳ ತೊಡಿಸಿದರು. ಒಬ್ಬ ಕೊರಳಿನ ದಾರ ಕತ್ತರಿಸಿ, ಕರಡಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ. ಇನ್ನೊಬ್ಬ ಕೆಳಗೆ ಬಿದ್ದ ಮೈಕನ್ನು ಎತ್ತಿ, ಧೂಳು ಒರೆಸಿ, ಕೆಂಪು ಗಡ್ಡದವನ ಕೈಗೆ ಕೊಟ್ಟ. ಸರಿಯಾಗಿದೆಯೇ ನೋಡಿಕೊಳ್ಳಿ ಎಂದೂ ಹೇಳಿದ.

ಸಂಜೆ ಶಾಂತಿಭಂಗದ ಚೀಟಿ ಕೊಟ್ಟು ಈರಯ್ಯನನ್ನು ಬಿಟ್ಟರು. ಲಿಂಗ ಠಾಣೆಯಲ್ಲೇ ಉಳಿಯಿತು. ಸಾಮಾನು ಕೊಡುವ ಕಿಟಕಿ ಸೋಮವಾರ ತೆರೆಯುತ್ತದಂತೆ.

ಭಾನುವಾರ ಈರಯ್ಯ ಸ್ನಾನ ಮಾಡಿದ, ವಿಭೂತಿ ಹಚ್ಚಿದ, ಬರಿ ನೀರು ಕುಡಿದು ಒಲೆ ಹಚ್ಚಿದ. ನೂರು ಜನಕ್ಕೆ ಅಡುಗೆ ಮಾಡಿದ. ಉಪ್ಪು ಸರಿಯಿದೆಯೇ ಎಂದು ನಾಲಿಗೆಗೆ ಹಚ್ಚಿಕೊಳ್ಳಲೂ ಇಲ್ಲ. ಬಸಲಿಂಗವ್ವ ರುಚಿ ನೋಡಿ ಹೇಳಿದಳು.

"ಒಂದೀಟು ಹಾಲರ ಕುಡೀರಿ, ಅಯ್ನೋರ."

"ಲಿಂಗ ಠಾಣಾದಾಗ ಉಪವಾಸ ಕುಂತೈತಿ, ಯಕ್ಕಾ. ನಂಗ ಹೆಂಗ ಇಳೀತೈತಿ?"

ಹಿಂದಿನ ಬಾಗಿಲಲ್ಲಿ ಪಕ್ಕದ ನೂಡಲ್ಸ್ ಅಂಗಡಿಯ ಕಾಂಗ್ ಬಂದು ನಿಂತ. ಎಲ್ಲರೂ ಅವನನ್ನು ಜಪಾನಿನವನೆಂದೇ ತಿಳಿದಿದ್ದರು. ಅವನು ಹೆಚ್ಚು ಮಾತಾಡುವವನಲ್ಲ, ಎರಡೆರಡೇ ಮಾತಿನ ಮನುಷ್ಯ. ಆ ದಿನ ಮಾತ್ರ ತನ್ನ ಮುರುಕು ಇಂಗ್ಲಿಷಿನಲ್ಲಿ ಉದ್ದಕ್ಕೂ ಹೇಳಿದ. ಅವನು ಹುಟ್ಟಿದ್ದು ಜಪಾನಿನಲ್ಲಿ, ಅವನಪ್ಪ ಹುಟ್ಟಿದ್ದೂ ಅಲ್ಲೇ. ಆದರೆ ಅಜ್ಜ ಕೊರಿಯಾದಿಂದ ಬಂದವನು. ಅಷ್ಟಕ್ಕೇ ಮೂರು ತಲೆಮಾರೂ ವಿದೇಶಿಯರು. ಅವರ ಕೇರಿಗೂ ಬಾವುಟದವರು ಬರುತ್ತಿದ್ದರು, ಲಾರಿ ತುಂಬ ಮೈಕು ಕಟ್ಟಿಕೊಂಡು. ಒಂದು ದಿನ ಕೇರಿಯವರು, ಜೊತೆಗೆ ಅಲ್ಲಿದ್ದ ಬ್ರೆಜಿಲ್‌ನವರು, ವಿಯೆಟ್ನಾಂನವರು ಎಲ್ಲ ಸೇರಿ ಅಡ್ಡ ನಿಂತರು.

"ಪೊಲೀಸರು ಏನ್ ಮಾಡಿದ್ರು?" ಬಸಲಿಂಗವ್ವ ಕೈಸನ್ನೆಯಲ್ಲೇ ಕೇಳಿದಳು.

ಕಾಂಗ್ ಮಾಡಿ ತೋರಿಸಿದ. ಬಾಗಿಲ ಆಚೆಗೆ ಬೆನ್ನು ಮಾಡಿ, ಇವರ ಕಡೆ ಮುಖ ಮಾಡಿ, ಎರಡೂ ತೋಳು ಚಾಚಿದ. "ಹೀಗೆ. ಅವರಿಗೆ ಬೆನ್ನು, ನಮಗೆ ಮುಖ. ಯಾರನ್ನು ನಂಬುತ್ತಾರೋ ಅವರಿಗೆ ಬೆನ್ನು ಕೊಡುತ್ತಾರೆ. ಐದೂವರೆ ಸಾವಿರ ಮೈಲಿ ದಾಟಿ ಬಂದೆ, ಇಲ್ಲೂ ಅದೇ ಮುಖ ನೋಡ್ತಿದ್ದೇನೆ."

"ನೀವು ಹೊಡೆದ್ರೇನು?" ಈರಯ್ಯ ಮುಷ್ಟಿ ತೋರಿಸಿ ಕೇಳಿದ.

"ಇಲ್ಲ. ನಿಂತೆವು. ಲಾರಿ ಮುಂದೆ ಹೋಗಲಿಲ್ಲ."

ಈರಯ್ಯನಿಗೆ ಅರ್ಧ ಅರ್ಥವಾಯಿತು. ಅರ್ಧ ಸಾಕಾಗಿತ್ತು.

ಸೋಮವಾರ ಓಂಪ್ರಕಾಶನ ಮಗಳು ವೈಶಾಲಿ ಲಾಂಗ್ ಬೀಚ್‌ನ ಕಾಲೇಜಿನಿಂದ ಡ್ರೈವ್ ಮಾಡಿಕೊಂಡು ಬಂದಳು. ಇಲ್ಲೇ ಹುಟ್ಟಿದವಳು. ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಠಾಣೆಯಲ್ಲಿ ಮಾತಾಡಲು ಇಲ್ಲಿನ ಉಚ್ಚಾರದವರು ಬೇಕೆಂದು ಅಪ್ಪನೇ ಕರೆಸಿ, ತಾನೂ ಈರಯ್ಯನ ಜೊತೆ ಬಂದಿದ್ದ. ಠಾಣೆಯ ಕಿಟಕಿಯ ಹಿಂದಿನ ಹೆಂಗಸು ಕಂಪ್ಯೂಟರ್ ನೋಡಿ ಹೇಳಿದಳು: ಬೆಳ್ಳಿ ಡಬ್ಬಿಯೊಳಗೆ ಕಪ್ಪು ಗಟ್ಟಿ ವಸ್ತು ಸಿಕ್ಕಿದೆ, ಮಾದಕ ದ್ರವ್ಯವೋ ಸ್ಫೋಟಕವೋ ಎಂದು ಪರೀಕ್ಷೆ ಮಾಡಿದ್ದಾರೆ, ಎರಡೂ ಅಲ್ಲ.

"ಹಂಗಾರ ಕೊಡ್ರಿ" ಎಂದ ಈರಯ್ಯ.

ಕೊಡುತ್ತಾರೆ, ಒಂದು ಸಹಿ ಹಾಕಿದರೆ. ಕಾಗದವನ್ನು ವೈಶಾಲಿ ಓದಿದಳು. ಪೊಲೀಸರನ್ನು ಬೆದರಿಸುವ ಉದ್ದೇಶದಿಂದ ನಾನು ಅಂಗಿಯೊಳಗಿನ ವಸ್ತುವಿಗೆ ಕೈ ಹಾಕಿದೆ ಎಂದು ಬರೆದಿತ್ತು. ಸಹಿ ಹಾಕಿದರೆ ಕೇಸು ಮುಗಿಯಿತು, ಡಬ್ಬಿ ಈಗಲೇ ಕೈಗೆ. ಇಲ್ಲದಿದ್ದರೆ ಸಾಕ್ಷ್ಯವಾಗಿ ಇಲ್ಲೇ ಇರುತ್ತದೆ, ಎಷ್ಟು ದಿನವೋ ಹೇಳಲಾಗದು. ವೈಶಾಲಿ ಫೋನಿನಲ್ಲಿ ವಿಡಿಯೋ ತೋರಿಸಹೋದಳು. ಗಿರಾಕಿಯೊಬ್ಬರು ಕಾರಿನಿಂದ ತೆಗೆದದ್ದು, ರೊಟ್ಟಿ ತುಳಿದದ್ದು ಸಹಿತ ಅದರಲ್ಲಿತ್ತು. ವಿಡಿಯೋ ನೋಡುವುದು ತನ್ನ ಕೆಲಸವಲ್ಲ ಎಂದಳು ಕಿಟಕಿಯವಳು.

ಓಂಪ್ರಕಾಶ್ ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. "ಹಾಕಿಬಿಡ್ರಿ ಅಯ್ನೋರ. ಒಂದು ಸಹಿ, ಏನು ಗಂಟು ಹೋಗ್ತೈತಿ?"

"ನಾ ಬೆದರಿಸಿಲ್ಲಲ್ರಿ. ನಾನ ಹೆದರಿದ್ದು."

"ಅವೆಲ್ಲ ಇಲ್ಲಿ ಯಾರು ಕೇಳ್ತಾರ? ಮತ್ತ ನಿಮ್ಮ ಗ್ರೀನ್ ಕಾರ್ಡ್ ಪೇಪರ್ ನನ್ನ ಹೆಸರಿನ ಮ್ಯಾಲ ನಡದೈತಿ. ನಾಳೆ ಅಂಗಡಿ ಲ್ಯಾಂಡ್‌ಲಾರ್ಡು ನನ್ನ ಕೇಳಿದ್ರ?"

"ಸುಳ್ಳಿಗೆ ಸಹಿ ಹಾಕಿ ಬಿಡಿಸ್ಕೊಂಡ ಲಿಂಗನ ಯಾವ ಮುಖದಿಂದ ನೋಡ್ಲಿ?"

"ಅಷ್ಟ ಆದ್ರ ಅದನ್ನ ಬಿಡ್ರಿ. ಆನ್‌ಲೈನ್‌ನ್ಯಾಗ ಹೊಸಾದು ಸಿಗ್ತೈತಿ. ಎರಡ ದಿನಕ್ಕ ಡೆಲಿವರಿ. ರೊಕ್ಕ ನಾ ಕೊಡ್ತೀನಿ."

ಈರಯ್ಯ ಅವನ ಬರಿ ಕೊರಳನ್ನೇ ನೋಡಿದ. "ನಿಮ್ಮದು ಎಲ್ಲಿ ಐತ್ರಿ, ಧಣ್ಯಾರ?"

"ಮನ್ಯಾಗ ಐತಿ. ಲಾಕರಿನ್ಯಾಗ."

"ಮತ್ತ ನಿಮಗ ಹೆಂಗ ತಿಳೀಬೇಕ್ರಿ."

ವೈಶಾಲಿ ಕಿಸಕ್ಕನೆ ನಕ್ಕಳು. ಅಪ್ಪ ತಿರುಗಿ ನೋಡಿದ ಮೇಲೂ ನಗು ತಡೆಯಲಿಲ್ಲ. ಈರಯ್ಯ ಕಾಗದ ಮಡಿಸಿ ಜೇಬಿಗಿಟ್ಟುಕೊಂಡ, ಪೆನ್ನನ್ನು ಮುಚ್ಚಳ ಹಾಕಿ ವಾಪಸು ಕೊಟ್ಟ.

ಬುಧವಾರದ ಹೊತ್ತಿಗೆ ಅವನು ನೀರಿನ ಮೇಲೆ ನಾಲ್ಕನೆಯ ದಿನ ಇದ್ದ. ಕಣ್ಣು ಗುಳಿ ಬಿದ್ದಿತ್ತು, ಹಂಚಿನ ಮುಂದೆ ನಿಂತರೆ ತಲೆ ತಿರುಗುತ್ತಿತ್ತು. ಹನ್ನೆರಡೂವರೆಗೆ ಹೊರಗೆ ಮೈಕು ಕಿರುಗುಟ್ಟಿತು. ಈರಯ್ಯ ಏಪ್ರನ್ ಕಳಚಿ ಮೊಳೆಗೆ ನೇತುಹಾಕಿ, ಹಿಂದಿನ ನಲ್ಲಿಯಡಿ ಆ ದಿನ ಎರಡನೆಯ ಸಲ ಸ್ನಾನ ಮಾಡಿದ. ಹಣೆಗೆ, ತೋಳಿಗೆ ವಿಭೂತಿ ಬಳಿದುಕೊಂಡ. ಮುಂಬಾಗಿಲ ಕಡೆ ನಡೆದ.

"ಎಲ್ಲಿಗೆ ಅಯ್ನೋರ?" ಓಂಪ್ರಕಾಶ್ ಗಲ್ಲಾ ಬಿಟ್ಟೆದ್ದ. "ಹೊರಗ ಹೋದ್ರ ನನ್ನ ಕಡೆ ಕೆಲಸ ಇಲ್ಲ ಅಂತ ತಿಳ್ಕೊರಿ."

"ಪೂಜಿ ಉಳದೈತ್ರಿ. ನಾಲ್ಕು ದಿನದ್ದು."

ಶನಿವಾರ ರೊಟ್ಟಿ ಬಿದ್ದ ಜಾಗಕ್ಕೇ ಹೋಗಿ ನಿಂತ. ಎಡಗೈಯನ್ನು ಎದೆಯ ಮಟ್ಟಕ್ಕೆ ತಂದು ಅಂಗೈ ಬಿಚ್ಚಿದ. ಖಾಲಿ ಅಂಗೈ. ಅದರ ಮೇಲೆ ದೃಷ್ಟಿ ನೆಟ್ಟ. ಸುತ್ತ ಹದಿನೈದು ಜನ ಕೂಗುತ್ತಿದ್ದರು, ಅವನ ರೆಪ್ಪೆ ಅಲುಗಲಿಲ್ಲ. ಕೆಂಪು ಗಡ್ಡದವನು ಮೈಕನ್ನು ಅವನ ಕಿವಿಗೂ ಹಿಡಿದು ನೋಡಿದ. ಏನೂ ಆಗದಿದ್ದಾಗ ಪೆಚ್ಚಾಗಿ ಪೊಲೀಸರ ಕಡೆ ನೋಡಿದ.

ಪೊಲೀಸರು ಬಂದರು. ಅದೇ ಮೂವರು.

ಅಷ್ಟರಲ್ಲಿ ಬಸಲಿಂಗವ್ವ ಹೊರಗೆ ಬಂದಿದ್ದಳು. ಕೈ ತೊಳೆದುಕೊಳ್ಳಲೂ ಇಲ್ಲ, ಜೋಳದ ಹಿಟ್ಟು ಮೆತ್ತಿದ ಎಡ ಅಂಗೈಯನ್ನು ಹಾಗೇ ಬಿಚ್ಚಿ ಈರಯ್ಯನ ಪಕ್ಕ ನಿಂತಳು. ಕಾಂಗ್ ಬಂದ. ಅವನಿಗೆ ಲಿಂಗವೂ ಗೊತ್ತಿಲ್ಲ, ಗುರುವೂ ಗೊತ್ತಿಲ್ಲ. ನಿಲ್ಲುವುದು ಗೊತ್ತಿತ್ತು. ಅವನೂ ಅಂಗೈ ಬಿಚ್ಚಿದ. ಲೂಪೆ ಚಟ್ನಿಯ ಸೌಟು ಇಟ್ಟು ಬಂದಳು. ವೈಶಾಲಿ ಆ ವಾರ ಲಾಂಗ್ ಬೀಚ್‌ಗೆ ಹೋಗಿಯೇ ಇರಲಿಲ್ಲ. ಅವಳೂ ಬಂದು ಸಾಲಿನಲ್ಲಿ ನಿಂತಳು. ಊಟಕ್ಕೆ ಕೂತಿದ್ದ ಆರೇಳು ಜನ ತಾಟು ಬಿಟ್ಟು ಎದ್ದು ಬಂದರು. ಕಾಯಕದ ಭಾಷಣಕಾರ ಒಳಗಿನಿಂದ ಬಾಗಿಲ ಚಿಲಕ ಹಾಕಿಕೊಂಡ.

"ಶೋ ಮಿ ಯುವರ್ ಹ್ಯಾಂಡ್ಸ್" ಎಂದ ಪೊಲೀಸ್, ಅಭ್ಯಾಸಬಲದಿಂದ. ಹೇಳಿ ಮುಗಿಸಿದ ಮೇಲೆ ಅವನಿಗೇ ಇರುಸುಮುರುಸಾಯಿತು. ಕಣ್ಣೆದುರು ಹತ್ತು ಹನ್ನೆರಡು ಕೈ ಬಿಚ್ಚಿಕೊಂಡೇ ಇದ್ದವು. ಆದರೂ ಸೊಂಟದ ಪಿಸ್ತೂಲಿನ ಮೇಲಿಂದ ತನ್ನ ಕೈ ತೆಗೆಯಲಿಲ್ಲ.

"ಏನಿದೆ ನಿನ್ನ ಕೈಯಲ್ಲಿ?" ಈರಯ್ಯನನ್ನು ಇಂಗ್ಲಿಷಿನಲ್ಲಿ ಕೇಳಿದ.

ಈರಯ್ಯ ಅಂಗೈಯಿಂದ ದೃಷ್ಟಿ ಎತ್ತಿ ಮೊದಲ ಸಲ ಅವನ ಮುಖ ನೋಡಿದ. ಈ ಸಲ ಬಹುವಚನ ಹಚ್ಚಲಿಲ್ಲ.

"ಏನೂ ಇಲ್ಲ. ಇದ್ದದ್ದು ನೀ ಒಯ್ದಿ."

ವೈಶಾಲಿ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ನಂತರ ಕನ್ನಡದಲ್ಲೇ, ತಪ್ಪುತಪ್ಪಾಗಿ, ಇನ್ನೊಮ್ಮೆ ಹೇಳಿದಳು. ಬಸಲಿಂಗವ್ವ ಹೇಳಿದಳು. ಕಾಂಗ್ ತನ್ನ ಭಾಷೆಯಲ್ಲಿ, ಲೂಪೆ ತನ್ನ ಭಾಷೆಯಲ್ಲಿ ಹೇಳಿದರು. ಮೈಕು ಒಂದು ಸಲ ಕಿರುಗುಟ್ಟಿ ಸುಮ್ಮನಾಯಿತು.

ಚದುರಿ ಹೋಗಿ ಎಂದು ಪೊಲೀಸರು ಆಜ್ಞೆ ಮಾಡಿದರು. ಈ ಕಡೆಗೇ ಮುಖ ಮಾಡಿ, ಬಾವುಟದವರಿಗೆ ಬೆನ್ನು ಕೊಟ್ಟು. ಒಬ್ಬರೂ ಕದಲಲಿಲ್ಲ.