ಅಪಾಯಕಾರಿಯಲ್ಲದ ಮರಳು

ಸಹಿ ಒಣಗಿ ಮೂರು ದಿನವಾಗಿತ್ತು. ಆದರೂ ಗೋವಿಂದ ಹೆಗಡೆ ಹಸಿ ಶಾಯಿಗೆ ಅಂಜುವವನಂತೆ ಲಕೋಟೆಯ ತುದಿಯನ್ನಷ್ಟೇ ಹಿಡಿದು ಮಕ್ಬೂಲ್ ಸಾಹೇಬರ ಮುಂದೆ ಚಾಚಿದ.

"ಎಂತ ಬರೆದ್ರಿ?" ಲಕೋಟೆ ಒಡೆಯದೆ ಮಕ್ಬೂಲ್ ಕೇಳಿದರು.

"ಅಪಾಯಕಾರಿಯಲ್ಲ ಅಂತ."

ಶಿರಸಿ–ಯಲ್ಲಾಪುರ ರಸ್ತೆಯಲ್ಲಿದ್ದ ಅವರ ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ಹಿತ್ತಾಳೆ ಕರಗುತ್ತಿತ್ತು. ಎರಕ ಹೊಯ್ದು ಮುಗಿದ ಮರಳೆಲ್ಲ ಹಿಂದೆ ಕಪ್ಪು ಗುಡ್ಡೆಯಾಗಿತ್ತು. ಅದರಲ್ಲಿ ಸೀಸ ಎಷ್ಟಿದೆಯೆಂದು ಅಳೆದು ವಿಂಗಡಿಸುವುದು ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿದ್ದ, ಎಂ.ಎಸ್ಸಿ. ಓದಿದ ಗೋವಿಂದನ ಕೆಲಸ. ೨೦೦೩ರ ನಿಯಮ: ಕಿಲೋಗೆ ಐದು ಸಾವಿರ ಮಿಲಿಗ್ರಾಂ ಮುಟ್ಟಿದರೆ ಅಪಾಯಕಾರಿ. ಮುಟ್ಟದಿದ್ದರೆ ಬರೀ ಮರಳು.

ಗುಡ್ಡೆಯ ಬುಡ ಎಂಟು ಸಾವಿರ ತೋರಿಸಿತ್ತು. ಐದು ಕಡೆ ಅಗೆದು, ಬೆರೆಸಿ ಅಳೆಯುವುದು ಕಚೇರಿಯ ಪದ್ಧತಿ. ಉಳಿದ ನಾಲ್ಕು ಕಡೆ ಯಾವುವೆಂದು ಪದ್ಧತಿ ಹೇಳುತ್ತಿರಲಿಲ್ಲ. ಮಳೆ ತೊಳೆದ ನೆತ್ತಿ ಕೈಗೆ ಹತ್ತಿರವಿತ್ತು; ನಾಲ್ಕನ್ನೂ ಅಲ್ಲಿಂದಲೇ ತೆಗೆದಿದ್ದ. ಬೆರೆಸಿದ ಮೇಲೆ ನಾಲ್ಕು ಸಾವಿರದ ಒಂಬೈನೂರು. ಅಪಾಯಕಾರಿ ಎಂದು ಬರೆದರೆ ವಿಚಾರಣೆ, ಉತ್ತರ, ಉತ್ತರಕ್ಕೆ ಉತ್ತರ. ಯಾರೂ ಒತ್ತಾಯಿಸಿರಲಿಲ್ಲ. ಒತ್ತಾಯಿಸಿದ್ದರೆ ಪಶ್ಚಾತ್ತಾಪಕ್ಕೆ ಒಬ್ಬ ಪಾಲುದಾರನಾದರೂ ಸಿಗುತ್ತಿದ್ದ.

"ಕಾಗದ ಕಚೇರಿಗಾಯ್ತು. ನನಗೆ ಹೇಳಿ ಹೆಗಡೇರೆ," ಮಕ್ಬೂಲ್ ದನಿ ತಗ್ಗಿಸಿದರು. "ವಿಷ ಹೌದೋ, ಅಲ್ಲೋ? ಹೌದಾದ್ರೆ ನಾಳೆಯೇ ಸಿಮೆಂಟಿನ ಗುಂಡಿ ಕಟ್ಟಿಸಿ ಮುಚ್ಚಿಸ್ತೇನೆ."

"ಮಿತಿಯೊಳಗಿದೆ."

"ಯಾರ ಮಿತಿ?"

"ಗೆಜೆಟ್ಟಿನದ್ದು."

ಬೆಳಿಗ್ಗೆ ಹೆಂಡತಿ ಪರಿಮಳಾ ಕೂಡ ಕೇಳಿದ್ದಳು: "ಹೌದೋ ಅಲ್ದೋ, ಒಂದು ಹೇಳಿ." ಯಾವುದರ ಬಗ್ಗೆ ಎಂಬುದು ಮರೆತಿತ್ತು. ತಾನು "ನೋಡನ" ಎಂದಿದ್ದು ಮಾತ್ರ ನೆನಪಿತ್ತು.

ಬುಟ್ಟಿ ಹಿಡಿದು ಕಲ್ಲವ್ವ ಬಂದಳು. ಶೆಡ್ಡಿನಲ್ಲಿ ಅಚ್ಚು ಒಡೆಯುವವಳು. ಪಾತ್ರೆ ತಿಕ್ಕಲು ಇಷ್ಟು ನಯದ ಮರಳು ಬೇರಿಲ್ಲವೆಂದು ಇಡೀ ಕೇರಿಗೆ ಹಂಚುವವಳು.

"ತಪಾಸಣಿ ಮುಗಿಯೋತನಕ ಮುಟ್ಟಬ್ಯಾಡ ಅಂದಿದ್ರು ನಮ್ಮ ಸಾಹೇಬ್ರು. ಇನ್ನ ಒಯ್ಯಲೇನ್ರೀ?"

ಗೋವಿಂದ ಲಕೋಟೆಯನ್ನು ನೋಡಿದ. "ಆಮೇಲೆ ಕೈ ಚೆನ್ನಾಗಿ ತೊಳ್ಕೊಳ್ಳಿ."

"ಅಯ್ಯ, ಕೈ ತೊಳಿಯೂದೂ ಇದರಿಂದನ ಅಲ್ಲೇನ್ರಿ!"

ನಗುತ್ತಲೇ ಒಂದು ಹಿಡಿ ಮರಳು ತೆಗೆದಳು. ನಲ್ಲಿಯ ಕೆಳಗೆ ಕೂತು ಹಿತ್ತಾಳೆ ತಂಬಿಗೆಯೊಂದನ್ನು ಒಳಗೆ ಹೊರಗೆ ತಿಕ್ಕಿ, ಒಮ್ಮೆ ಗಲಬರಿಸಿ, ನೀರು ತುಂಬಿ ತಂದಳು.

"ಬಿಸಲಾಗ ಬಂದೀರಿ. ಕುಡೀರಿ."

"ಕುಡೀರಿ ಹೆಗಡೇರೆ," ಎಂದರು ಮಕ್ಬೂಲ್. ಅವರು ನಗುತ್ತಿರಲಿಲ್ಲ.

ಗೋವಿಂದ ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ತುಟಿಗೆ ತಾಗದಂತೆ ತಂಬಿಗೆಯನ್ನು ಮೇಲೆತ್ತಿದ. ಬಗ್ಗಿಸಲಿಲ್ಲ. ಕುತ್ತಿಗೆ ನೋಯತೊಡಗಿತು. ಫಳಫಳ ಹೊಳೆಯುವ ತಳದಲ್ಲಿ ಯಾರದೋ ಬಾಯಿ ತೆರೆದೇ ಇತ್ತು. ಅದೂ ಏನನ್ನೂ ಹೇಳುತ್ತಿರಲಿಲ್ಲ.