ಭುಜದ ಮೇಲಿನ ಕೈ

ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಅನ್ನುತ್ತಾರಲ್ಲ, ನಮ್ಮ ಬಾಸ್ ಸತ್ಯಪ್ರಕಾಶರನ್ನು ನೋಡಿಯೇ ಆ ಗಾದೆ ಹುಟ್ಟಿರಬೇಕು. ಇಂಗ್ಲಿಷರ ನಾಡಿನ ಅಕ್ಸ್‌ಬ್ರಿಡ್ಜ್‌ನಲ್ಲಿ ಅವರದೊಂದು ಸ್ಟುಡಿಯೋ. ಕಂಪನಿಗಳ ಮಳಿಗೆಗಳಿಗೆ ಹಳೆಯ ಫೋಟೋಗಳನ್ನು ಆಳೆತ್ತರಕ್ಕೆ ಹಿಗ್ಗಿಸಿ, ಬಣ್ಣ ತುಂಬಿ ಕೊಡುವುದು ನಮ್ಮ ಕೆಲಸ. ನನ್ನ ವೀಸಾ ಅವರ ಕೈಯಲ್ಲಿದೆ. ಅದನ್ನು ಆಗಾಗ ನಗುನಗುತ್ತಲೇ ನೆನಪಿಸುತ್ತಾರೆ.

ಈ ಸಲ ಫೋಟೋ ಕೊಟ್ಟವರು ಹತ್ತಿರದ ಪಿನ್ನರ್‌ನಲ್ಲಿರುವ, ಚೀನಾ ಮೂಲದ ಲಿನ್ ಆಂಟಿ, ನಾನು ಬಾಡಿಗೆಗಿರುವ ಮನೆಯ ಒಡತಿ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ವಿರುದ್ಧ ಅಮೆರಿಕದವರೂ ಚೀನಾದವರೂ ಒಂದೇ ವಿಮಾನದಳದಲ್ಲಿ ಸೇರಿ ಹಾರಿದ್ದರು. ಆಂಟಿಯ ಅಪ್ಪನೂ ಒಬ್ಬ ಅಮೆರಿಕನ್ ಪೈಲಟ್ಟೂ ಇದ್ದ ವಿಮಾನ ಗದ್ದೆಗೆ ಬಿತ್ತು. ಕಾಲು ಮುರಿದಿದ್ದ ಆತನನ್ನು ಅಪ್ಪ ಬೆನ್ನ ಮೇಲೆ ಹೊತ್ತು ತಂದರು. ಆತ ಮತ್ತೆ ಮೊದಲ ಸಲ ಎದ್ದು ನಿಂತ ದಿನದ ಫೋಟೋ ಅದು. ಅಪ್ಪನ ತೋಳು ಆತನ ಬೆನ್ನು ಬಳಸಿದೆ, ಅಂಗೈ ಆಚೆ ಭುಜವನ್ನು ಗಟ್ಟಿಯಾಗಿ ಹಿಡಿದಿದೆ.

“ಇಬ್ಬರನ್ನೂ ಬೇರೆ ಮಾಡಬೇಡ, ಅಷ್ಟು ಸಾಕು,” ಎಂದರು ಆಂಟಿ. ನಾನು ಮಾತು ಕೊಟ್ಟೆ.

ವಿಮಾನ ಮೇಳದಲ್ಲಿ ಮಳಿಗೆ ಹಾಕಲಿದ್ದ ಒಂದು ಅಮೆರಿಕನ್ ಕಂಪನಿ, ಒಂದು ಚೀನೀ ಕಂಪನಿ, ಎರಡೂ ನಮ್ಮ ಗಿರಾಕಿಗಳು. ಎರಡಕ್ಕೂ ತಮ್ಮ ತಮ್ಮ ವೀರ ಬೇಕು, ಪಕ್ಕದವನು ಬೇಡ.

“ಒಂದೇ ಫೋಟೋ, ಎರಡು ಆರ್ಡರ್. ಮಧ್ಯಕ್ಕೆ ಕತ್ತರಿಸು, ಆ ಕೈ ಒಂದು ಅಳಿಸ್ಬಿಡು,” ಎಂದರು ಬಾಸ್, ಬಿಸ್ಕೆಟ್ ಅಗಿಯುತ್ತ.

“ಆಗಲ್ಲ ಸರ್. ಆ ಕೈ ಇಲ್ದೆ ಅವರು ನಿಲ್ತಾನೇ ಇರ್ಲಿಲ್ಲ.”

“ಸತ್ತು ಎಷ್ಟೋ ವರ್ಷ ಆಗಿದೆ ಕಣಮ್ಮ. ಈಗ್ಯಾರು ಬೀಳ್ತಾರೆ?” ಎಂದವರು ನನ್ನ ಮುಖ ನೋಡಿ, “ಆಯ್ತು ಬಿಡು, ಹಾಗೇ ಇರ್ಲಿ,” ಎಂದರು. ನಾನು ನಂಬಿದೆ. ಆಂಟಿಯನ್ನು ಮೇಳಕ್ಕೂ ಕರೆದುಕೊಂಡು ಹೋದೆ.

ಸಭಾಂಗಣದ ಒಂದು ತುದಿಯ ಮಳಿಗೆಯಲ್ಲಿ ಆಂಟಿಯ ಅಪ್ಪ ಒಬ್ಬರೇ. ಚಾಚಿದ್ದ ತೋಳನ್ನು ಕಂಪ್ಯೂಟರ್ ಮಡಿಸಿ, ಸೊಂಟದ ಮೇಲೆ ಹೊಸ ಕೈಯೊಂದನ್ನು ಅಂಟಿಸಿತ್ತು. ಮದುವೆಮನೆಯಲ್ಲಿ ಊಟದ ಉಸ್ತುವಾರಿ ನೋಡುವವರ ಹಾಗೆ ನಿಂತಿದ್ದರು. ಇನ್ನೊಂದು ತುದಿಯಲ್ಲಿ ಅಮೆರಿಕನ್ ಒಬ್ಬನೇ. ಭುಜ ನುಣ್ಣಗೆ, ಬೆರಳಿನ ಗುರುತೂ ಇಲ್ಲ. ಕೆಳಗೆ ‘ತನ್ನ ಕಾಲ ಮೇಲೆ ತಾನು ನಿಂತ ವೀರ’ ಎಂಬ ಒಕ್ಕಣೆ. ಇದನ್ನು ಕದ್ದುಮುಚ್ಚಿ ಮಾಡಿದ ನಮ್ಮ ಬಾಸ್ ಅಲ್ಲೇ ಜ್ಯೂಸ್ ಕುಡಿಯುತ್ತ ಎರಡೂ ಕಂಪನಿಯವರ ಕೈ ಕುಲುಕುತ್ತಿದ್ದರು. ಆ ಹಲ್ಲುಕಿರಿಯುವ ಮುಖ ನೆನೆದರೆ ಈಗಲೂ ಅಸಹ್ಯವಾಗುತ್ತದೆ.

ಆಂಟಿ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಮೆರಿಕನ್ನನ ಚಿತ್ರದ ಮುಂದೆ ಹೋಗಿ ನಿಂತರು.

“ಅಪ್ಪ ಕೈ ಬಿಟ್ಟರೆ ಇವನು ಬಿದ್ದುಹೋಗುತ್ತಾನೆ, ನೀರಜಾ,” ಎಂದು ಹೇಳಿ, ಅಪ್ಪನ ಕೈಯಿದ್ದ ಜಾಗಕ್ಕೆ ತಮ್ಮ ಅಂಗೈ ಒತ್ತಿ ಹಿಡಿದರು.

ಅಷ್ಟರಲ್ಲಿ ಹಿಂದಿನಿಂದ ಸತ್ಯಪ್ರಕಾಶರು ಫೋಟೋ ತೆಗೆಯಲು ಫೋನ್ ಎತ್ತಿ ಹಿಡಿದರು. “ಅವರಿಗೆ ಹಾಗೇ ಇರೋಕೆ ಹೇಳು. ಸೂಪರ್ ಆಗಿ ಬರ್ತಿದೆ. ಎರಡೂ ಕಂಪನಿಗೂ ಕಳಿಸ್ಬಹುದು.”

ನಾನು ಆಂಟಿಗೂ ಫೋನಿಗೂ ನಡುವೆ ಹೋಗಿ ನಿಂತೆ.

“ಆಚೆ ಸರಿ, ನೀರಜಾ.”

ಸರಿಯಲಿಲ್ಲ. ವೀಸಾ ಹೋಗುವುದಾದರೆ ಹಾಳಾಗಿ ಹೋಗಲಿ ಅನ್ನಿಸಿತು.

ಅವರು ನಕ್ಕರು. “ನಿಂತ್ಕೋ, ಪರವಾಗಿಲ್ಲ. ಆಮೇಲೆ ನಿನ್ನನ್ನೂ ಅಳಿಸಿದ್ರಾಯ್ತು,” ಎಂದು ಫೋಟೋ ತೆಗೆದರು.